ಎಣಿಕೆಗೆ ಬಾರದ ಪ್ರಯಾಣಿಕರು

ನಾಲ್ಕನೆಯ ವರ್ಗದ ಕನ್ನಡ ಪಾಠಗಳಲ್ಲಿ ಪತ್ರಲೇಖನವೆಂಬುದೊಂದು ಉಂಟು. ರಜೆಗಾಗಿ ಮುಖ್ಯಾಧ್ಯಾಪಕರಿಗೆ ಒಂದು ಅರ್ಜಿ, ಊರಿನಲ್ಲಿರುವ ಅಜ್ಜಿಗೆ ಕ್ಷೇಮ ಸಮಾಚಾರದ ಒಂದು ಕಾಗದ, ಬಹಳವಾದರೆ ಬೀದಿಯ ದೀಪ ಉರಿಯುತ್ತಿಲ್ಲವೆಂದು ಪಂಚಾಯತಿಗೆ ಒಂದು ಮನವಿ. ಇಷ್ಟಕ್ಕೆ ಆ ಪಾಠ ಮುಗಿಯುತ್ತದೆ. ಬಲಮೂಲೆಯಲ್ಲಿ ಊರು ಮತ್ತು ತಾರೀಖು, ಎಡಗಡೆ ‘ಇಂದ’, ಅದರ ಕೆಳಗೆ ‘ಗೆ’, ಆಮೇಲೆ ‘ಮಾನ್ಯರೇ’, ಕಟ್ಟಕಡೆಗೆ ‘ತಮ್ಮ ವಿಧೇಯ’. ಮಕ್ಕಳು ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಬಿಡುತ್ತಾರೆ. ಆದರೆ ‘ಮಾನ್ಯರೇ’ ಎಂಬುದಕ್ಕೂ ‘ವಿಧೇಯ’ ಎಂಬುದಕ್ಕೂ ನಡುವೆ ಏನನ್ನು ಬರೆಯಬೇಕು ಎಂಬುದರಲ್ಲಿಯೇ ಅರ್ಜಿಯ ಜೀವವಿರುವುದು. ಅದನ್ನು ಕಲಿಸುವುದಕ್ಕೆ ನಮ್ಮ ವೇಳಾಪಟ್ಟಿಯಲ್ಲಿ ಎಡೆಯಿಲ್ಲ.

ನಮ್ಮ ಸಂಘಸಂಸ್ಥೆಗಳ ಮನವಿಗಳೂ ಇದೇ ಶಾಲೆಯಲ್ಲಿ ಓದಿ ಬಂದವುಗಳಂತೆ ತೋರುತ್ತವೆ. ಗೋವೆಯಲ್ಲಿ ಕನ್ನಡಿಗರು ಎಲ್ಲಿ ಸೇರಲಿ, ವಾಸ್ಕೊದಲ್ಲಾಗಲಿ, ಮಡಗಾಂವದಲ್ಲಾಗಲಿ, ಫೋಂಡಾ ಮಾಪುಸಾಗಳಲ್ಲಾಗಲಿ, ರಾಜ್ಯೋತ್ಸವದ ಹಾರತುರಾಯಿ ಮುಗಿಯುತ್ತಲೇ ಒಂದು ಠರಾವು ಬಂದೇ ಬರುತ್ತದೆ: ಹುಬ್ಬಳ್ಳಿಯ ಕಡೆಗೆ ಇನ್ನೊಂದು ಗಾಡಿ ಬೇಕು. ಅದರ ಒಕ್ಕಣೆಯೂ ಗೊತ್ತಿದ್ದದ್ದೇ, ‘ಈ ಭಾಗದ ಕನ್ನಡಿಗರ ಬಹುದಿನಗಳ ಬೇಡಿಕೆ’. ಎಷ್ಟು ದಿನಗಳದು? ಎಷ್ಟು ಜನರದು? ಯಾವ ಊರಿನಿಂದ ಯಾವ ಊರಿಗೆ, ಯಾವ ತಿಂಗಳಲ್ಲಿ, ಹಗಲಿಗೋ ಇರುಳಿಗೋ? ಠರಾವು ಮೌನ. ಚಪ್ಪಾಳೆಯಾಗುತ್ತದೆ, ಮನವಿಯನ್ನು ಗಣ್ಯರ ಕೈಗೆ ಕೊಡುವಾಗಿನ ಛಾಯಾಚಿತ್ರವೂ ಆಗುತ್ತದೆ. ಮುಂದಿನ ನವೆಂಬರಿನಲ್ಲಿ ಅದೇ ಠರಾವು ಹೊಸ ತಾರೀಖಿನೊಡನೆ ಮರಳಿ ಬರುತ್ತದೆ. ರೈಲನ್ನು ಕೇಳುವುದು ಕೂಡ ಒಂದು ವಿದ್ಯೆ. ನಾವು ಅದನ್ನು ಕಲಿತಿಲ್ಲ. ಈ ಲೇಖನದ ಮಾತು ಇಷ್ಟೇ, ಉಳಿದದ್ದು ಅದರ ವಿವರ.

ಮೊದಲು ಒಂದು ಹಳೆಯ ಕತೆ. ನಾವಿಂದು ವಾಸ್ಕೊದಿಂದ ಘಟ್ಟ ಹತ್ತಿ ಲೋಂಡಾಕ್ಕೆ ಹೋಗುವ ಹಳಿ ಯಾರು ಕೇಳಿದ್ದರಿಂದ ಬಂದಿತು ಎಂದು ಒಮ್ಮೆ ವಿಚಾರಿಸಿದೆನು. ನಮ್ಮ ಪೂರ್ವಿಕರಂತೂ ಕೇಳಿದವರಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧವೆದ್ದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿದ್ದಿತು. ಕಾರವಾರವನ್ನು ಬಂದರು ಮಾಡಿರಿ, ಅಲ್ಲಿಂದ ಘಟ್ಟದ ಮೇಲಕ್ಕೆ ದಾರಿ ಮಾಡಿರಿ ಎಂದು ಅವರು ಲಂಡನ್ನಿನ ಬಾಗಿಲು ತಟ್ಟಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ನೂಲಿದ್ದಿತು. ಇಷ್ಟು ದೂರದ ವರ್ತಕರು ಒಂದು ಜಿಲ್ಲೆಯನ್ನೇ ಪ್ರಾಂತದಿಂದ ಪ್ರಾಂತಕ್ಕೆ ಸರಿಸಿದರೆಂದರೆ ಅವರ ಅರ್ಜಿಯಲ್ಲಿ ಹುರುಳಿದ್ದಿರಲೇಬೇಕು. ಎಷ್ಟು ಹತ್ತಿ, ಎಷ್ಟು ದೂರ, ಬಂಡಿಯ ಬಾಡಿಗೆ ಎಷ್ಟು ಎಂಬ ಲೆಕ್ಕವನ್ನು ವ್ಯಾಪಾರಿಗೆ ಯಾರೂ ಕಲಿಸಬೇಕಾಗಿಲ್ಲವಷ್ಟೆ.

ಯುದ್ಧ ಮುಗಿಯಿತು, ಹತ್ತಿಯ ಬೆಲೆ ಇಳಿಯಿತು, ಕಾರವಾರದ ಉತ್ಸಾಹವೂ ತಣ್ಣಗಾಯಿತು. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಜರಿಗೂ ಒಂದು ಒಪ್ಪಂದವಾಗಿ, ರೈಲು ಕಾರವಾರವನ್ನು ಬಿಟ್ಟು ಮರ್ಮಗೋವೆಗೆ ಒಲಿಯಿತು. ಆ ಒಪ್ಪಂದದಲ್ಲಿ ರೈಲಿನ ಜೊತೆಗೆ ಉಪ್ಪಿನ ಮಾತೂ ಇದ್ದಿತು. ಗೋವೆಯ ಉಪ್ಪಿನ ಅಗರಗಳ ಮೇಲಿನ ಹತೋಟಿ ಬ್ರಿಟಿಷರ ಕೈಗೆ ಹೋಯಿತು, ಬದಲಿಗೆ ಪೋರ್ಚುಗೀಜ್ ಸರ್ಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ. ಅಗರದಲ್ಲಿ ದುಡಿಯುತ್ತಿದ್ದವನನ್ನು ಯಾರೂ ಕೇಳಲಿಲ್ಲ. 1887ರಲ್ಲಿ ಮರ್ಮಗೋವೆಯಿಂದ ಸಾವರ್ಡೆಯವರೆಗೆ ಗಾಡಿ ಓಡಿತು. 1888ರಲ್ಲಿ ಹಳಿಯು ಘಟ್ಟ ಹತ್ತಿ ಕ್ಯಾಸಲ್‌ರಾಕನ್ನು ಮುಟ್ಟಿತು. ಒಟ್ಟು 82 ಕಿಲೋಮೀಟರು. ಕಾರವಾರದವರು ಮಾತ್ರ ಅಂದಿನಿಂದ ಘಟ್ಟದ ಮೇಲಿನ ರೈಲನ್ನು ಕೇಳುತ್ತಲೇ ಬಂದಿದ್ದಾರೆ. ಹುಬ್ಬಳ್ಳಿ–ಅಂಕೋಲಾ ಮಾರ್ಗವು 1990ರ ದಶಕದ ಕೊನೆಯಲ್ಲಿ ಮಂಜೂರಾದ ಮೇಲೂ ಕಾಡಿನ ಪ್ರಶ್ನೆ ಎದುರಾಗಿ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತೇ ಹೊರತು ಘಟ್ಟವನ್ನು ಹತ್ತಲಿಲ್ಲ.

ನಮ್ಮ ಮಾರ್ಗಕ್ಕೂ ಗ್ರಹಣ ಹಿಡಿಯದೆ ಇರಲಿಲ್ಲ. 1955ರಲ್ಲಿ ಭಾರತವು ಗೋವೆಯೊಡನೆ ರೈಲಿನ ಸಂಪರ್ಕವನ್ನು ಕಡಿದುಕೊಂಡಿತು. 1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾದ ಮೇಲೆಯೇ ಗಾಡಿ ಮತ್ತೆ ಗಡಿ ದಾಟಿದ್ದು. ಘಟ್ಟದ ಮೇಲಿನ ಜನ ಕೆಲಸ ಹುಡುಕಿಕೊಂಡು ಇಳಿದು ಬಂದ ದಾರಿಗಳಲ್ಲಿ ಇದೇ ಮುಖ್ಯವಾದದ್ದು. ಗದಗು, ಕೊಪ್ಪಳ, ಬಾಗಿಲುಕೋಟೆ, ವಿಜಾಪುರ, ಹಾವೇರಿಗಳ ಮಳೆ ಕೈಕೊಟ್ಟ ವರ್ಷವೆಲ್ಲ ಈ ಹಳಿಯ ಮೇಲೆ ಬರೆದಿಟ್ಟಂತಿದೆ. ನನ್ನ ಶಾಲೆಯ ಮಕ್ಕಳಲ್ಲಿ ಹೆಚ್ಚಿನವರ ತಂದೆತಾಯಿಗಳು ಹೀಗೆ ಇಳಿದು ಬಂದವರೇ.

ಇನ್ನು ಕೇಳಿ ಪಡೆದ ರೈಲಿನ ಕತೆ. ಕೊಂಕಣ ರೈಲ್ವೆಗಾಗಿ ಅ. ಬ. ವಾಲಾವಲಕರರಂಥವರು ಸ್ವಾತಂತ್ರ್ಯದ ಆಚೀಚಿನ ಕಾಲದಿಂದಲೂ ಬರೆದು, ಓಡಾಡಿ, ಹೇಳಿ ಹೇಳಿ ದಣಿದರು. ಲೋಕಸಭೆಯಲ್ಲಿ ರಾಜಾಪುರದ ಬ್ಯಾರಿಸ್ಟರ್ ನಾಥ ಪೈಗಳು ಆ ಮಾತನ್ನು ಎತ್ತಿ ಹಿಡಿದರು, ಅವರ ಅನಂತರ ಅದೇ ಕ್ಷೇತ್ರದ ಮಧು ದಂಡವತೆಯವರು. 1989ರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಗಳಾದಾಗ ದಂಡವತೆಯವರು ಹಣಕಾಸಿನ ಮಂತ್ರಿಗಳು. ಇಂಥ ಕೂಟ ನೂರು ವರ್ಷಕ್ಕೊಮ್ಮೆ ಬರುವುದೋ ಏನೋ. ಆದರೂ ಬೊಕ್ಕಸದಲ್ಲಿ ಹಣವಿರಲಿಲ್ಲ. ಆಗ ಹೊಳೆದ ಉಪಾಯವೆಂದರೆ ರೈಲ್ವೆಯನ್ನು ಒಂದು ಕಂಪನಿ ಮಾಡುವುದು. 1990ರಲ್ಲಿ ಕೊಂಕಣ ರೈಲ್ವೆ ನಿಗಮವು ಹುಟ್ಟಿತು. ಕೇಂದ್ರದ ಪಾಲು ನೂರಕ್ಕೆ 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವೆ ಮತ್ತು ಕೇರಳಗಳದು ತಲಾ 6. ಉಳಿದ ಹಣವನ್ನು ಸಾಲಪತ್ರಗಳ ಮೂಲಕ ಎತ್ತಿದರು. ಇ. ಶ್ರೀಧರನ್ ಅವರ ಕೈಯಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗಗಳು ಕೊರೆದು ಮುಗಿದು, 1998ರ ಜನವರಿ 26ರಂದು ರೋಹಾದಿಂದ ಮಂಗಳೂರಿನ ಮಗ್ಗುಲಿನ ತನಕ 740 ಕಿಲೋಮೀಟರಿನ ಮಾರ್ಗವು ಸಂಚಾರಕ್ಕೆ ತೆರೆದುಕೊಂಡಿತು.

ಗೋವೆಯಲ್ಲಿ ಇದು ಎಲ್ಲರಿಗೂ ಸಿಹಿಯಾಗಿರಲಿಲ್ಲ ಎಂಬುದನ್ನು ನಾವು ಮರೆಯಬಾರದು. 1990ರ ದಶಕದ ಆರಂಭದಲ್ಲಿ, ಹಳಿಯ ದಿಬ್ಬವು ಖಜಾನ್ ಗದ್ದೆಗಳ ನೀರನ್ನು ತಡೆಯುವುದೆಂದೂ ಹಳೆಯ ಊರುಗಳನ್ನು ಸೀಳುವುದೆಂದೂ ಇಲ್ಲಿಯ ಜನ ಮಾರ್ಗ ಬದಲಾವಣೆಗಾಗಿ ಚಳವಳಿ ಹೂಡಿದರು. ಕೇಂದ್ರವು ಕೆಲಸವನ್ನು ಕೆಲಕಾಲ ನಿಲ್ಲಿಸಿ, ನ್ಯಾಯಮೂರ್ತಿ ಓಝಾ ಅವರಿಂದ ವಿಚಾರಣೆ ಮಾಡಿಸಬೇಕಾಯಿತು. ರೈಲು ಬೇಡವೆಂದವರೂ ಅರ್ಜಿದಾರರೇ. ಅವರ ಅರ್ಜಿಯಲ್ಲಿಯೂ ಗದ್ದೆಯ ಹೆಸರು, ತೂಬಿನ ಲೆಕ್ಕ, ನೀರಿನ ಹರಿವು ಇದ್ದವು. ಆದುದರಿಂದಲೇ ಕೆಲಸವನ್ನು ನಿಲ್ಲಿಸಿ ಕೇಳಬೇಕಾಯಿತು.

ಹುಬ್ಬಳ್ಳಿಯ ಉದಾಹರಣೆ ಬೇರೊಂದು ಬಗೆಯದು. ನೈಋತ್ಯ ರೈಲ್ವೆ ವಲಯವು 1996ರಲ್ಲಿ ಘೋಷಿತವಾಯಿತು. ಅದರ ಕೇಂದ್ರ ಕಚೇರಿಯು ಬೆಂಗಳೂರಿಗೋ ಹುಬ್ಬಳ್ಳಿಗೋ ಎಂದು ವರ್ಷಗಟ್ಟಲೆ ಎಳೆದಾಟ ನಡೆಯಿತು. ಉತ್ತರ ಕರ್ನಾಟಕದ ಜನ ಬೀದಿಗಿಳಿದು ಅದನ್ನು ಹುಬ್ಬಳ್ಳಿಗೆ ತಂದರು. 2003ರ ಏಪ್ರಿಲ್ 1ರಿಂದ ಆ ಕಚೇರಿ ಅಲ್ಲಿ ನಡೆಯುತ್ತಿದೆ. ವಾಸ್ಕೊದ ಹಳಿಯೂ ಅದರ ಕೈಕೆಳಗಿನದೇ. ಎಂದರೆ, ಗೋವೆಯ ಕನ್ನಡಿಗನು ತನ್ನ ಗಾಡಿಗಾಗಿ ಬರೆಯಬೇಕಾದ ವಿಳಾಸವು ಈಗ ಕನ್ನಡನಾಡಿನಲ್ಲಿಯೇ ಇದೆ. ಈ ಅನುಕೂಲವನ್ನು ನಾವು ಎಷ್ಟು ಬಳಸಿಕೊಂಡಿದ್ದೇವೆ?

ಇಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ತಿಳಿಯುವುದಕ್ಕೆ ನನಗೆ ಕೆಲವು ವರ್ಷಗಳೇ ಹಿಡಿದವು. ರೈಲ್ವೆಗೆ ಕಣ್ಣುಗಳಿವೆ, ಆದರೆ ಅವು ತಿಕೀಟಿನ ಕಣ್ಣುಗಳು. ಸ್ಥಳವನ್ನು ಕಾಯ್ದಿರಿಸಿ ಹೋಗುವವನನ್ನು ಅದು ಎರಡು ಸಲ ಕಾಣುತ್ತದೆ. ಜಾಗ ಸಿಕ್ಕರೆ ಪ್ರಯಾಣಿಕರ ಪಟ್ಟಿಯಲ್ಲಿ ಅವನ ಹೆಸರು. ಸಿಗದಿದ್ದರೆ ವೇಟಿಂಗ್ ಲಿಸ್ಟಿನಲ್ಲಿ ಅವನ ಹೆಸರು. ಇಂಥ ಗಾಡಿಗೆ ಇಂಥ ದಿನ ಇನ್ನೂರು ಜನ ಕಾದು ಕುಳಿತರು, ಜಾಗ ಸಿಗಲಿಲ್ಲ ಎಂಬುದನ್ನು ಯಂತ್ರವೇ ಬರೆದಿಡುತ್ತದೆ. ವೇಟಿಂಗ್ ಲಿಸ್ಟೆಂದರೆ ಸ್ಥಿತಿವಂತನು ಬರೆಯದೆಯೇ ಬರೆದುಕೊಂಡ ಅರ್ಜಿ. ಜನರಲ್ ಡಬ್ಬಿಗೆ ವೇಟಿಂಗ್ ಲಿಸ್ಟಿಲ್ಲ. ತೊಂಬತ್ತು–ನೂರು ಜನರ ಡಬ್ಬಿಯಲ್ಲಿ ಅದರ ಎರಡು ಪಾಲು ಹತ್ತಿದರೂ ಅಷ್ಟು ತಿಕೀಟು ಮಾರಾಟವಾಯಿತು ಎಂದಷ್ಟೇ ಲೆಕ್ಕ. ಬಾಗಿಲಿನ ತನಕ ಬಂದು, ಹತ್ತಲಾರದೆ, ಗಂಟನ್ನು ತಲೆಯ ಮೇಲೆ ಹೊತ್ತು ಹೊರಗೆ ಬಂದು ಖಾಸಗಿ ಬಸ್ಸನ್ನು ಹುಡುಕಿದವನು ಯಾವ ಪುಸ್ತಕದಲ್ಲಿಯೂ ಇಲ್ಲ. ತಿಕೀಟು ಕೊಳ್ಳದೆ ಹತ್ತಿದವನಂತೂ ರೈಲ್ವೆಯ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ. ‘ನೂರು ರೂಪಾಯಿ ಉಳಿಯಿತು’ ಎಂದು ಅವನು ಹಿಗ್ಗುತ್ತಾನೆ, ಆದರೆ ಮುಂದಿನ ವರ್ಷದ ಡಬ್ಬಿಯನ್ನು ತಾನೇ ಕಳಚಿ ಇಟ್ಟಂತಾಯಿತೆಂದು ಅವನಿಗೆ ತಿಳಿಯದು.

ಈ ಎಣಿಕೆಯ ಮಾತು ಹೊಸದಲ್ಲ. 1917ರಲ್ಲಿ ಗಾಂಧೀಜಿಯವರು ಮೂರನೆಯ ದರ್ಜೆಯ ಪ್ರಯಾಣದ ಬಗ್ಗೆ ಪತ್ರಿಕೆಗಳಿಗೊಂದು ಪತ್ರ ಬರೆದರು. ಮುಂಬಯಿಯಿಂದ ಮದರಾಸಿಗೆ ಹೋಗುವಾಗ ತಾವು ಕುಳಿತ ಡಬ್ಬಿ 22 ಜನರದೆಂದೂ, ದಾರಿಯ ಬಹುಭಾಗದಲ್ಲಿ ಅದರೊಳಗೆ 35ಕ್ಕೂ ಹೆಚ್ಚು ಜನರಿದ್ದರೆಂದೂ, ನಮ್ಮ ರಾಯಚೂರಿನಲ್ಲಿ ನೂಕುನುಗ್ಗಲು ತಡೆಯಲಾರದಂತಾಯಿತೆಂದೂ ಅವರು ಅದರಲ್ಲಿ ಹೇಳಿದ್ದಾರೆ. ತಾವು ಕೊಟ್ಟ ತಿಕೀಟಿನ ಹಣವನ್ನು ಆಣೆಯ ತನಕ ಬರೆದಿಟ್ಟಿದ್ದಾರೆ. ಮಹಾತ್ಮರೆಂದು ನಾವು ಪೂಜಿಸುವವರು ಡಬ್ಬಿಯಲ್ಲಿ ನಿಂತು ತಲೆ ಎಣಿಸಿದರು ಎಂಬುದನ್ನು ಅಕ್ಟೋಬರ್ 2ರ ಭಾಷಣಗಳಲ್ಲಿ ನಾನು ಒಮ್ಮೆಯೂ ಕೇಳಿಲ್ಲ.

ನನ್ನ ಮಟ್ಟಿಗೆ ಈ ಸಂಗತಿ ಹೊಳೆದದ್ದು ಗಾಂಧೀಜಿಯವರ ಪತ್ರದಿಂದಲ್ಲ, ಹಾಜರಿ ಪುಸ್ತಕದಿಂದ. ಶ್ರಾವಣದ ನಾಗರಪಂಚಮಿ, ಚೌತಿ, ದೀಪಾವಳಿ, ಯುಗಾದಿ: ಈ ನಾಲ್ಕು ಹಬ್ಬಗಳ ಆಚೆಗೆ ನನ್ನ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಮಳೆಗಾಲದ ಇರುವೆಯ ಸಾಲಿನಂತೆ ಕಾಣುತ್ತವೆ. ಶಾಲೆಯ ರಜೆ ಮುಗಿದು ವಾರ ಕಳೆದರೂ ಹಿಂದಿನ ಬೆಂಚು ಖಾಲಿ. ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನೂ ಎಲ್ಲ ಶಿಕ್ಷಕರಂತೆ ‘ಪಾಲಕರ ಅಲಕ್ಷ್ಯ’ ಎಂದು ಷರಾ ಬರೆಯುತ್ತಿದ್ದೆನು. ಬರೆಯುವುದಕ್ಕೆ ತರಬೇತಿಯಲ್ಲಿ ಕಲಿಸಿಕೊಟ್ಟ ಮಾತೇ ಅದು. ಆಮೇಲೆ ಒಬ್ಬೊಬ್ಬರನ್ನೇ ಕೇಳುತ್ತ ಹೋದೆನು. ಕಟ್ಟಡದ ಕೆಲಸಕ್ಕೆ ಹೋಗುವ ಕೊಪ್ಪಳದ ಕಡೆಯ ತಾಯಿಯೊಬ್ಬಳು, ಮಗಳನ್ನು ಹನ್ನೊಂದು ದಿನ ತಡವಾಗಿ ಕರೆತಂದಾಗ ಹೇಳಿದ ಮಾತು ನನ್ನ ಕಿವಿಯಲ್ಲಿದೆ. “ಸರ್ರ, ಎರಡು ಸಲ ಟೇಶನ್ನಿಗೆ ಬಂದು ತಿರುಗಿ ಊರಿಗೆ ಹೋದಿವ್ರಿ. ಆ ಡಬ್ಬ್ಯಾಗ ಹತ್ತೂದು ಹ್ಯಾಂಗ? ನಾ ಹತ್ತಿದ್ರ ಮಗಳು ಕೆಳಗ, ಮಗಳು ಹತ್ತಿದ್ರ ಗಂಟು ಕೆಳಗ. ಬಸ್ಸಿನವ್ರು ಹಬ್ಬದಾಗ ಕೇಳೂ ರೊಕ್ಕ ನನ್ನ ನಾಕು ದಿನದ ಪಗಾರ ಐತ್ರಿ.” ಮೂರನೆಯ ಸಲ ಆ ಹುಡುಗಿಯನ್ನು ಯಾರೋ ಕಿಟಕಿಯಿಂದ ಒಳಗೆ ಇಳಿಸಿದರಂತೆ.

ಆ ಹುಡುಗಿ ಗಣಿತದಲ್ಲಿ ಮುಂದು. ಭಿನ್ನರಾಶಿಯ ಪಾಠ ನಡೆದದ್ದು ಆ ಹನ್ನೊಂದು ದಿನಗಳಲ್ಲಿಯೇ. ನಾನು ಸಂಜೆ ಕೂರಿಸಿಕೊಂಡು ಹೇಳಿಕೊಟ್ಟೆನು, ಅವಳು ಕಲಿತಳು. ಆದರೆ ಮುಂದಿನ ವರ್ಷದ ಪಂಚಮಿಗೆ ಹೋದವಳು ಮರಳಲಿಲ್ಲ. ಪ್ರತಿ ಹಬ್ಬಕ್ಕೂ ಈ ಪಾಡು ಬೇಡವೆಂದು ಅವಳನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟರು. ಅಲ್ಲಿಯ ಶಾಲೆಗೆ ಹೆಸರು ಹಚ್ಚಿಸುತ್ತೇವೆ ಎಂದು ವರ್ಗಾವಣೆ ಪತ್ರವನ್ನು ಒಯ್ದರು. ಹಚ್ಚಿಸಿದರೆಂದೇ ನಾನು ನಂಬಿಕೊಂಡಿದ್ದೇನೆ. ವಾಸ್ಕೊದಿಂದ ಹುಬ್ಬಳ್ಳಿಗೆ ರೈಲಿನ ದಾರಿ ಸುಮಾರು ಇನ್ನೂರು ಕಿಲೋಮೀಟರು. ಅಷ್ಟೇ ದೂರವು ಒಂದು ಮಗುವಿನ ಶಾಲೆಯನ್ನು ಬದಲಿಸಿತು. ಇದು ಯಾವ ರೈಲ್ವೆ ವರದಿಯಲ್ಲಿ ಬರುವುದು? ನನ್ನ ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ.

ಹಾಗಾದರೆ ಏನು ಕೇಳಬೇಕು? ಹೊಸ ಗಾಡಿಯನ್ನೇ ಕೇಳಬೇಕೆಂಬ ಹಟ ನಮ್ಮಲ್ಲಿ ಬಹಳ. ಹೊಸ ಗಾಡಿ ಎಲ್ಲಕ್ಕಿಂತ ಕಷ್ಟದ್ದು. ಅದಕ್ಕೆ ಡಬ್ಬಿಗಳ ಒಂದು ಇಡೀ ಸಾಲು ಬೇಕು, ಓಡಿಸುವ ಸಿಬ್ಬಂದಿ ಬೇಕು, ತೊಳೆದು ಪರೀಕ್ಷಿಸುವ ಪಿಟ್ ಲೈನು ಬೇಕು, ಎಲ್ಲಕ್ಕೂ ಮಿಗಿಲಾಗಿ ಘಟ್ಟದಲ್ಲಿ ಬಿಡುವು ಬೇಕು. ಕುಳೇಂನಿಂದ ಕ್ಯಾಸಲ್‌ರಾಕಿಗೆ 26 ಕಿಲೋಮೀಟರು. ಪ್ರತಿ 37 ಮೀಟರಿಗೆ 1 ಮೀಟರು ಏರು. ಮಕ್ಕಳಿಗೆ ಇದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರೆ ‘ಇಷ್ಟೇನಾ’ ಎಂದು ನಗುತ್ತಾರೆ. ಸೈಕಲ್ಲಿಗೆ ಇಷ್ಟೇ, ಗಾಡಿಗೆ ಇದು ಗೋಡೆ. ಮುಂದಿನಿಂದ ಎಳೆಯುವುದರ ಜೊತೆಗೆ ಹಿಂದಿನಿಂದ ನೂಕುವ ಎಂಜಿನ್ನುಗಳೂ ಬೇಕು. ಹಳಿ ಒಂಟಿ. ಮೇಲಿನಿಂದ ಬರುವ ಗಾಡಿ, ಕೆಳಗಿನಿಂದ ಹೋಗುವ ಗಾಡಿ ಎರಡೂ ದೂಧಸಾಗರದಂಥ ಒಂದು ನಿಲ್ದಾಣದಲ್ಲಿ ಕಾದು ಒಂದಕ್ಕೊಂದು ದಾರಿ ಬಿಡಬೇಕು. ಮಳೆಗಾಲದಲ್ಲಿ ಗುಡ್ಡ ಜಾರುವ ಭಯ ಬೇರೆ; 2021ರ ಜುಲೈನಲ್ಲಿ ದೂಧಸಾಗರದ ಬಳಿ ಮಣ್ಣು ಕುಸಿದು ಪ್ರಯಾಣಿಕರ ಗಾಡಿಯೊಂದು ಹಳಿ ತಪ್ಪಿತ್ತು.

ಇರುವ ಗಾಡಿಗೆ ಇನ್ನೊಂದು ಜನರಲ್ ಡಬ್ಬಿಯನ್ನು ಕೇಳುವುದು ಇದಕ್ಕಿಂತ ಸುಲಭ. ಸುಲಭವೆಂದರೂ, ಘಟ್ಟದಲ್ಲಿ ಒಂದು ಎಂಜಿನ್ನು ಎಷ್ಟು ಭಾರ ಎಳೆಯಬಲ್ಲುದು, ನಿಲ್ದಾಣದ ಕಟ್ಟೆ ಎಷ್ಟು ಉದ್ದ ಎಂಬುದನ್ನು ತಿಳಿದು ಕೇಳಬೇಕು. 2024ರಲ್ಲಿ ರೈಲ್ವೆ ಸಚಿವಾಲಯವೇ ದೇಶದಾದ್ಯಂತ ಜನರಲ್ ಡಬ್ಬಿಗಳನ್ನು ಹೆಚ್ಚಿಸುವುದಾಗಿ ಸಾರಿತು. ಅಂಥ ಸಂದರ್ಭದಲ್ಲಿ ಎಲ್ಲಿ ಕೊರತೆಯಿದೆಯೆಂದು ಲೆಕ್ಕ ಕೊಟ್ಟವರ ಕಡೆಗೆ ಡಬ್ಬಿ ಮೊದಲು ಹೋಗುವುದು ಸಹಜ. ಹಬ್ಬದ ನಾಲ್ಕು ದಿನ ಮಾತ್ರ ಓಡುವ ವಿಶೇಷ ಗಾಡಿಯನ್ನು, ತಾರೀಖು ಹೇಳಿ, ಮೂರು ತಿಂಗಳ ಮುಂಚೆ ಕೇಳುವುದು ಇನ್ನೂ ಸುಲಭ. ನಾವು ಹಬ್ಬದ ಹಿಂದಿನ ದಿನ ಕೂಗಾಡುತ್ತೇವೆ.

ಈ ಮಾತಿನಲ್ಲಿ ಕಲ್ಲಿದ್ದಲನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ನಮ್ಮ ಒಂಟಿ ಹಳಿಯನ್ನು ಜೋಡಿಹಳಿ ಮಾಡುವ ಯೋಜನೆ ಹೊಸಪೇಟೆಯಿಂದ ವಾಸ್ಕೊದ ತನಕ. ಘಟ್ಟದ ಮೇಲೆ ಬಹುಮಟ್ಟಿಗೆ ಕೆಲಸವಾಗಿದೆ. ಗೋವೆಯಲ್ಲಿ ಅದು ದೊಡ್ಡ ವಿರೋಧವನ್ನು ಎದುರಿಸಿತು. 2020ರ ನವೆಂಬರ್ 1ರ ರಾತ್ರಿ ಚಾಂದರದಲ್ಲಿ ಸಾವಿರಾರು ಜನ ಹಳಿಯ ಬಳಿ ಜಾಗರಣೆ ಕುಳಿತರು. ಮರ್ಮಗೋವೆ ಬಂದರಿನಲ್ಲಿ ಇಳಿಯುವ ಕಲ್ಲಿದ್ದಲನ್ನು ತೋರಣಗಲ್ಲಿನಂಥ ಕಡೆಯ ಉಕ್ಕಿನ ಕಾರ್ಖಾನೆಗಳಿಗೆ ಸಾಗಿಸುವುದಕ್ಕಾಗಿಯೇ ಈ ಎರಡನೆಯ ಹಳಿ, ಪ್ರಯಾಣಿಕರಿಗಾಗಿ ಅಲ್ಲ ಎಂಬುದು ಅವರ ವಾದ. 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಅಭಯಾರಣ್ಯದ ನಡುವಣ ಕ್ಯಾಸಲ್‌ರಾಕ್–ಕುಳೇಂ ಭಾಗದ ಜೋಡಿಹಳಿಗೆ ವನ್ಯಜೀವಿ ಮಂಡಳಿಯು ಕೊಟ್ಟಿದ್ದ ಒಪ್ಪಿಗೆಯನ್ನು ರದ್ದುಮಾಡಿತು.

ಆಗ ನಮ್ಮವರಲ್ಲಿ ಕೆಲವರು ‘ಗೋವೆಯವರಿಗೆ ನಾವು ಬರುವುದೇ ಬೇಡವಾಗಿದೆ, ಅದಕ್ಕೇ ಹಳಿ ಬೇಡವೆನ್ನುತ್ತಾರೆ’ ಎಂದು ಗೊಣಗಿದ್ದನ್ನು ನಾನು ಕೇಳಿದ್ದೇನೆ. ನನಗೆ ಇದು ಒಪ್ಪಿಗೆಯಿಲ್ಲ. ಕಲ್ಲಿದ್ದಲಿನ ಪುಡಿ ವಾಸ್ಕೊದಲ್ಲಿ ಯಾರ ಮನೆಯ ಮೇಲೆ ಬೀಳುತ್ತದೆ? ಬಂದರಿನ ಸುತ್ತ ಗುಡ್ಡದ ಬದಿಗೆ ಗುಡಿಸಲು ಕಟ್ಟಿಕೊಂಡವರಲ್ಲಿ ನಮ್ಮವರೇ ಬಹಳ ಮಂದಿ. ಅದೇ ಕಲ್ಲಿದ್ದಲು ಘಟ್ಟದ ಮೇಲೆ ನಮ್ಮವರಿಗೇ ಕೆಲಸವನ್ನೂ ಕೊಡುತ್ತದೆ, ಅದೂ ನಿಜ. ಹೀಗೆ ಗಂಟು ಬಿದ್ದಿರುವ ಕಡೆ, ‘ಎರಡನೆಯ ಹಳಿ ಬೇಕು’ ಎಂದು ಒಂದೇ ಮಾತಿನಲ್ಲಿ ಕೈಯೆತ್ತುವುದು ಬೇರೆಯವರ ಅರ್ಜಿಗೆ ನಮ್ಮ ರುಜು ಹಾಕಿದಂತೆ. ನಮಗೆ ಬೇಕಾದದ್ದು ಪ್ರಯಾಣಿಕರ ಗಾಡಿ. ಇರುವ ಹಳಿಯ ಮೇಲೆ ದಿನಕ್ಕೆ ಎಷ್ಟು ಸರಕು ಗಾಡಿ, ಎಷ್ಟು ಪ್ರಯಾಣಿಕರ ಗಾಡಿ ಓಡುತ್ತವೆ, ಹಬ್ಬದ ವಾರದಲ್ಲಿ ಸರಕಿನ ಒಂದು ಸರದಿಯನ್ನು ಜನರಿಗೆ ಬಿಡಬಹುದೇ ಎಂದು ಕೇಳೋಣ. ಈ ಪ್ರಶ್ನೆಯನ್ನು ಹಳಿಗೆ ವಿರೋಧವಾಗಿ ಕುಳಿತವರ ಮುಂದೆಯೂ ಧೈರ್ಯವಾಗಿ ಓದಬಹುದು. ಅವರೂ ನಮ್ಮ ಜೊತೆಗೆ ರುಜು ಹಾಕಿದರೆ ನನಗೆ ಆಶ್ಚರ್ಯವಿಲ್ಲ.

ಹಣದ ಮಾತು. ಕೊಂಕಣ ರೈಲ್ವೆಯನ್ನು ಕಂಪನಿ ಮಾಡಿದ ಉಪಾಯವೇ ಆಮೇಲೆ ಅದಕ್ಕೆ ತೊಡಕಾಯಿತು. ಭಾರತೀಯ ರೈಲ್ವೆಯ ಉಳಿದ ಮಾರ್ಗಗಳಿಗೆ ಬಜೆಟ್ಟಿನಿಂದ ನೇರವಾಗಿ ಬರುವ ಹಣ ಇದಕ್ಕೆ ಬಾರದು. 2022ರ ಹೊತ್ತಿಗೆ ಇಡೀ ಮಾರ್ಗಕ್ಕೆ ವಿದ್ಯುತ್ತು ಬಂದಿತಾದರೂ ಅದರ ಬಹುಭಾಗವು ಒಂಟಿ ಹಳಿಯಾಗಿಯೇ ಉಳಿಯಿತು. ಭಾರತೀಯ ರೈಲ್ವೆಯಲ್ಲಿ ಇದನ್ನು ವಿಲೀನಗೊಳಿಸಬೇಕೆಂದು ಕರಾವಳಿಯ ಪ್ರಯಾಣಿಕರು ವರ್ಷಗಟ್ಟಲೆ ಕೇಳಿದರು. ಉಳಿದ ಮೂರು ರಾಜ್ಯಗಳು ಒಪ್ಪಿದ ಮೇಲೆ 2025ರ ಮೇ ತಿಂಗಳಲ್ಲಿ ಮಹಾರಾಷ್ಟ್ರವೂ ತನ್ನ ಒಪ್ಪಿಗೆಯನ್ನು ಸೂಚಿಸಿತು. ಒಬ್ಬ ಮಂತ್ರಿಯನ್ನು ಒಮ್ಮೆ ಕಂಡು ಬಂದದ್ದರಿಂದ ಇದಾಗಲಿಲ್ಲ. ಬೋಗಿಗಳ ಲೆಕ್ಕವನ್ನೂ ವೇಳಾಪಟ್ಟಿಯನ್ನೂ ಬಾಯಲ್ಲಿಟ್ಟುಕೊಂಡ ಕರಾವಳಿಯ ಪ್ರಯಾಣಿಕರ ಸಮಿತಿಗಳು ಕಾಗದದ ಮೇಲೆ ಕಾಗದ ಬರೆದವು.

ಬರೆಯುವ ಬಾಗಿಲುಗಳು ಯಾವುವು ಎಂದು ಹಲವರು ಕೇಳುತ್ತಾರೆ. ಪ್ರತಿ ವಿಭಾಗದಲ್ಲಿಯೂ ರೈಲು ಬಳಕೆದಾರರ ಸಲಹಾ ಸಮಿತಿಯೊಂದುಂಟು, ವಲಯಕ್ಕೂ ಒಂದು. ವರ್ತಕರ ಸಂಘಗಳ ಪ್ರತಿನಿಧಿಗಳು, ಶಾಸಕರು, ನೋಂದಾಯಿತ ಪ್ರಯಾಣಿಕರ ಸಂಘದವರು ಅಲ್ಲಿ ಕೂರುತ್ತಾರೆ. ಜನರಲ್ ಡಬ್ಬಿಯಲ್ಲಿ ಹೋಗುವವನ ಸಂಘವೆಲ್ಲಿದೆ? ಅವನಿಗೆ ಬಿಡುವಿರುವುದು ಭಾನುವಾರ ಒಂದೇ, ಅದೂ ಪಡಿತರಕ್ಕೆ ಹೋಗುತ್ತದೆ. ನಮ್ಮ ಕನ್ನಡ ಸಂಘಗಳು ಆ ಕುರ್ಚಿಯನ್ನು ಅವನ ಪರವಾಗಿ ಕೇಳಬಹುದು. ಇನ್ನೊಂದು ಬಾಗಿಲು 2005ರ ಮಾಹಿತಿ ಹಕ್ಕಿನ ಕಾಯಿದೆ. ಹತ್ತು ರೂಪಾಯಿ ಶುಲ್ಕ. ಇಂಥ ನಿಲ್ದಾಣದಲ್ಲಿ ಇಂಥ ತಿಂಗಳು ಎಷ್ಟು ಸಾಮಾನ್ಯ ತಿಕೀಟು ಮಾರಾಟವಾಯಿತೆಂದು ಕೇಳಿದರೆ ಉತ್ತರ ಕೊಡಬೇಕು. ಆ ಅಂಕಿ ನಮ್ಮ ಎಡಗೈಯಲ್ಲಿರಲಿ, ಹತ್ತಲಾಗದವರ ಎಣಿಕೆ ಬಲಗೈಯಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟಾಗ ಮಾತ್ರ ಕೊರತೆಯ ಅಳತೆ ತಿಳಿಯುತ್ತದೆ.

ಕಳೆದ ವರ್ಷ ಚೌತಿಯ ಮುನ್ನಾದಿನಗಳಲ್ಲಿ ನಾವು ನಾಲ್ವರು ಶಿಕ್ಷಕರು ಎರಡು ರಾತ್ರಿ ನಿಲ್ದಾಣದ ಕಟ್ಟೆಯ ಮೇಲೆ ನಿಂತು ಎಣಿಸಿದೆವು. ಪೊಲೀಸಿನವರೊಬ್ಬರು ಬಂದು ‘ಏನು ಬರೆಯುತ್ತೀರಿ’ ಎಂದು ಕೇಳಿದರು; ‘ಹಾಜರಿ’ ಎಂದೆವು. ಅವರು ನಕ್ಕು ಮುಂದೆ ಹೋದರು. ಬಂದ ಅಂಕಿಗಳನ್ನು ಇಲ್ಲಿ ಅಚ್ಚು ಹಾಕಲಾರೆ, ಎರಡು ರಾತ್ರಿಯ ಎಣಿಕೆ ಎಣಿಕೆಯಲ್ಲ. ಆದರೂ ಅದನ್ನು ಒಂದು ಪುಟದಲ್ಲಿ ಬರೆದು, ಶಾಲೆಯ ಗೈರುಹಾಜರಿಯ ಪಟ್ಟಿಯನ್ನು ಹೆಸರಿಲ್ಲದೆ ಅದಕ್ಕೆ ಲಗತ್ತಿಸಿ ಒಂದು ಕಚೇರಿಗೆ ಕಳಿಸಿದೆವು. ನಮ್ಮ ಠರಾವುಗಳಿಗೆ ಬರುತ್ತಿದ್ದ ಉತ್ತರ ‘ಪರಿಶೀಲಿಸಲಾಗುವುದು’ ಎಂಬ ಒಂದೇ ಸಾಲು. ಈ ಸಲ ಅವರು ಒಂದು ಪ್ರಶ್ನೆ ಕೇಳಿದರು: ಮರಳಿ ಬರುವ ನೂಕುನುಗ್ಗಲು ಯಾವ ವಾರದಲ್ಲಿ ಹೆಚ್ಚು, ಗದಗಿನ ಕಡೆಯಿಂದಲೋ ಬೆಳಗಾವಿಯ ಕಡೆಯಿಂದಲೋ? ನಮ್ಮ ಬಳಿ ಉತ್ತರವಿರಲಿಲ್ಲ; ಹೋಗುವವರನ್ನು ಎಣಿಸಿದ್ದೆವು, ಬರುವವರನ್ನು ಎಣಿಸುವುದು ಇನ್ನೂ ಆಗಿರಲಿಲ್ಲ. ಆದರೆ ಅರ್ಜಿ ಓದಿದವರು ಪ್ರಶ್ನೆ ಕೇಳಿದ್ದು ನಾನು ಕಂಡಂತೆ ಅದೇ ಮೊದಲು.

ಬರುವ ನಾಗರಪಂಚಮಿಯಿಂದ ಯುಗಾದಿಯ ತನಕ ನಾಲ್ಕೂ ಹಬ್ಬಗಳ ಹಿಂದೆ ಮುಂದೆ ಎಣಿಸುವುದೆಂದು ಗೊತ್ತುಮಾಡಿದ್ದೇವೆ. ಎಣಿಕೆಯ ಹಾಳೆಯಲ್ಲಿ ಎಂಟು ಕಲಮುಗಳಿವೆ: ತಾರೀಖು, ಗಾಡಿ, ಹೊರಟ ಊರು, ಸೇರಬೇಕಾದ ಊರು, ದೊಡ್ಡವರೆಷ್ಟು, ಮಕ್ಕಳೆಷ್ಟು, ಹತ್ತಲು ಸಾಧ್ಯವಾಯಿತೋ ಇಲ್ಲವೋ, ಶಾಲೆ ತಪ್ಪಿದ ದಿನಗಳೆಷ್ಟು. ಹೆಸರನ್ನು ಕೇಳುವುದಿಲ್ಲ, ತಿಕೀಟು ಇದೆಯೇ ಎಂದೂ ಕೇಳುವುದಿಲ್ಲ. ಕೇಳಿದರೆ ಜನ ಹತ್ತಿರ ಬಾರರು. ಐದನೆಯ ವರ್ಗದ ಮಕ್ಕಳು ಹಾಳೆಗಳಿಗೆ ಗೆರೆ ಎಳೆಯುತ್ತಿದ್ದಾರೆ, ಕೂಡುವ ಲೆಕ್ಕವನ್ನೂ ಅವರೇ ಮಾಡುವರು. ಪತ್ರಲೇಖನದ ಈ ವರ್ಷದ ಪಾಠಕ್ಕೆ ರಜೆಯ ಅರ್ಜಿಯನ್ನು ಬಿಟ್ಟು ಇದನ್ನೇ ಇಟ್ಟುಕೊಂಡಿದ್ದೇನೆ. ಮಡಗಾಂವ, ಸಾವರ್ಡೆ, ಕುಳೇಂ ಕಡೆಯ ಶಿಕ್ಷಕಮಿತ್ರರು ತಮ್ಮ ನಿಲ್ದಾಣಗಳಲ್ಲಿ ನಿಲ್ಲುವುದಾದರೆ ಸಂಘದ ಕಪಾಟಿನಲ್ಲಿ ಬೇಕಾದಷ್ಟು ಹಾಳೆಗಳಿವೆ; ಶನಿವಾರ ಸಂಜೆ ಐದರ ಮೇಲೆ ಬಂದು ಒಯ್ಯಬಹುದು. ಪೆನ್ಸಿಲನ್ನು ಮಾತ್ರ ತಾವೇ ತರಬೇಕು.